ಬಾಗಿಲ ಮೇಲಿನ ಕೈ

“ಮೂರು ಹೋಳಿಗೆ ತಿಂದೆ ಕಣಕ್ಕಾ, ತುಪ್ಪ ಸುರಿಸ್ಕೊಂಡು. ನೀನು ನನ್ನ ಪಕ್ಕದ ಎಲೇಲೇ ಕೂತಿದ್ದೆ. ಅದನ್ನೂ ಮರ್ತುಬಿಟ್ಯಾ?” ಅಂದ ಓಬಳೇಶ.

“ಹೋಳಿಗೆ ಇರ್ಲೇ ಇಲ್ಲ ಕಣೋ,” ಅಂದೆ ನಾನು, ಕೈಯಲ್ಲಿದ್ದ ಅಚ್ಚಿನ ಮೊಳೆ ಕೆಳಗಿಡದೆ. “ಹೋಳಿಗೆ ಮಾಡೋ ಮುದುಕಪ್ಪ ಜ್ವರ ಬಂದು ಮಲಗಿಬಿಟ್ಟ. ಪಾಯಸ ಬಡಿಸಿದ್ರು. ನನ್ನ ಸೀರೆ ಮೇಲೆ ಚೆಲ್ಲಿ ಆ ಕಲೆ ಇನ್ನೂ ಹೋಗಿಲ್ಲ. ನೀನಂತೂ ಮದುವೆಗೇ ಬಂದಿರ್ಲಿಲ್ಲ. ವಾಲ್ವು ಸೋರ್ತೈತೆ ಅಂತ ಅವತ್ತೆಲ್ಲ ಟ್ಯಾಂಕಿನ ಹತ್ರಾನೇ ಇದ್ದೆ.”

“ಪೇಪರಲ್ಲಿ ಹೋಳಿಗೆ ಅಂತ ಬಂದಿತ್ತಲ್ಲಕ್ಕಾ!”

“ಬಂದಿತ್ತು. ನಾನೇ ಜೋಡಿಸಿದ್ದು.”

“ಮತ್ತೆ?” ಅಂತ ಅವನು ಗೆದ್ದವನ ಹಾಗೆ ನಕ್ಕು ಅಚ್ಚುಕೂಟದ ಬಾಗಿಲಿಗೆ ಕೈಯೂರಿ ನಿಂತ. ಎರಡೂ ಕೈ ಮೊಣಕೈವರೆಗೆ ಬೆಳ್ಳಗಿದ್ದವು, ಹುಬ್ಬಿನ ಮೇಲೂ ಒಂದಿಷ್ಟು ಬಿಳುಪು ಕೂತಿತ್ತು. ಓಬಳೇಶ ನಮ್ಮೂರಿನ ನೀರುಗಂಟಿ. ಸೋಮವಾರ ಸೋಮವಾರ ಊರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವುದು ಅವನ ಕೆಲಸ. ಹಾಕಿ, ಹನ್ನೊಂದಕ್ಕೆ ವಾಲ್ವು ತಿರುಗಿಸಿ, ನೀರು ಎಲ್ಲಿಯವರೆಗೆ ತಲುಪಿತು ಅಂತ ಬೀದಿಯುದ್ದಕ್ಕೂ ನಲ್ಲಿಗಳನ್ನು ನೋಡಿಕೊಂಡು ಬರುತ್ತಿದ್ದ. ಯಾರಾದರೂ ಕೊಡ ತುಂಬಿದ ಮೇಲೆ ನಲ್ಲಿ ನಿಲ್ಲಿಸದೆ ಹೋಗಿದ್ದರೆ ತಾನೇ ತಿರುಗಿಸಿ, ಆ ಮನೆಯ ಮುಂದೆ ನಿಂತು ನಾಲ್ಕು ಮಾತು ಬೈದು ಮುಂದೆ ಹೋಗುತ್ತಿದ್ದ. ಆ ಸಾಲಿನ ಕಟ್ಟಕಡೆಯ ನಲ್ಲಿ ನಮ್ಮ ಅಚ್ಚುಕೂಟದ ಅಂಗಳದ್ದು. ಅಲ್ಲಿಗೆ ನೀರು ಬಂತೆಂದರೆ ಅವನ ಬೆಳಗಿನ ಪಾಳಿ ಮುಗಿಯಿತು. ಆಮೇಲೆ ನನ್ನ ಜೊತೆ ಒಂದಿಷ್ಟು ಹರಟೆ.

“ಕೈ ತೆಗಿಯೋ, ಬಾಗಿಲೆಲ್ಲ ಬೆಳ್ಳಗಾಯ್ತು.”

“ನಿನ್ನ ಬಾಗಿಲು ಬೆಳ್ಳಗಾಗೋಕೆ ಇನ್ನೊಂದು ಜನ್ಮ ಬೇಕು,” ಅಂದ. ಅದೂ ನಿಜವೇ. ಮೂವತ್ತು ವರ್ಷದ ಮಸಿಗೈ ತಾಗಿ ತಾಗಿ ಆ ಹಲಗೆ ಎಮ್ಮೆಯ ಬೆನ್ನಿನಂತೆ ಕಪ್ಪಾಗಿತ್ತು. ಅವನು ಕೈ ತೆಗೆದಾಗ ಅಲ್ಲಿ ಒದ್ದೆಯಾದ ಬಿಳಿ ಹಸ್ತ ಮೂಡಿತ್ತು. ನಾಲ್ಕು ಬೆರಳು ನೆಟ್ಟಗೆ, ಕಿರುಬೆರಳು ಮಾತ್ರ ಹೊರಕ್ಕೆ ಸೊಟ್ಟ. ಯಾವತ್ತೋ ವಾಲ್ವಿನ ಕಬ್ಬಿಣದ ಕೈ ಜಾರಿ ಬಿದ್ದು ಆ ಬೆರಳು ಮುರಿದಿತ್ತು. ನಾನು ಬಟ್ಟೆ ತಗೊಂಡು ಒರೆಸಿದೆ. ಹೋಯಿತು ಅಂದುಕೊಂಡೆ. ಅವನು ಸೊಂಟದ ಗಂಟು ಬಿಚ್ಚಿ ಒಂದು ಹಿಡಿ ಒಂದೆಲಗದ ಸೊಪ್ಪು ನನ್ನ ಮೇಜಿನ ಮೇಲಿಟ್ಟ. ಟ್ಯಾಂಕಿನ ಬುಡದಲ್ಲಿ ನೀರು ಜಿನುಗುವ ಕಡೆ ಅದು ಬೆಳೆಯುತ್ತಿತ್ತು.

“ಖಾಲಿ ಹೊಟ್ಟೇಲಿ ತಿನ್ನಕ್ಕಾ. ನೆನಪು ಚುರುಕಾಗ್ತೈತೆ,” ಅಂದು ಹೋದ. ಪ್ರತಿ ಸೋಮವಾರ ಹೇಳುತ್ತಿದ್ದ ಮಾತು ಅದು.

ನಮ್ಮೂರಲ್ಲಿ ಬೆಳಗ್ಗೆ ಆರೂವರೆಗೆ ಭದ್ರಯ್ಯ ಚೌಕದ ಕಟ್ಟೆ ಹತ್ತಿ ಪೇಪರು ಓದುತ್ತಾನೆ. ಓದಿ ಮುಗಿಸುವಷ್ಟರಲ್ಲಿ ಅದು ಊರಿನವರಿಗೆಲ್ಲ ನೆನಪಾಗಿರುತ್ತದೆ. ಗಾಡಿ ಮಗುಚಿದ ಸುದ್ದಿ ಓದಿದರೆ, ಆ ದಿನ ಕಂಬಳಿ ಹೊದ್ದು ಮನೆಯಲ್ಲಿ ಮಲಗಿದ್ದವರಿಗೂ ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದುದು ಕಣ್ಣಿಗೆ ಕಟ್ಟುತ್ತದೆ, ಎತ್ತು ಉಸಿರು ಬಿಡುತ್ತಿದ್ದುದು ಕಿವಿಗೆ ಕೇಳುತ್ತದೆ. ಹುಟ್ಟಿದಾಗಿನಿಂದ ಹೀಗೇ ಇದ್ದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಮದುವೆಗೆ ಕರೆದರೆ ಅರ್ಧ ಜನ ಹೋಗುವುದಿಲ್ಲ, ಮಾರನೆಯ ದಿನ ಪೇಪರಲ್ಲಿ ಬಂದರಾಯಿತು, ಉಂಡದ್ದು ನೆನಪಿರುತ್ತದೆ. ಗಂಡ ಹೆಂಡತಿ ಜಗಳ ಕಾಯುವಾಗಲೂ ಯಾರು ಮೊದಲು ಬೈದರು ಅನ್ನುವುದು ತೀರ್ಮಾನವಾಗದಿದ್ದರೆ, “ನಾಳೆ ಪೇಪರು ಬರ್ಲಿ, ಆಮೇಲೆ ನೋಡ್ಕೋತೀನಿ” ಅಂತ ಎದ್ದುಹೋಗುತ್ತಾರೆ. ಇದನ್ನೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಿಂದೆ ಒಬ್ಬಾಕೆಯ ಗಂಡ ದೂರದ ರಸ್ತೆಯಲ್ಲಿ ಒಬ್ಬನೇ ಬಿದ್ದು ಸತ್ತ. ಆಕೆ ಬಂದು ನಮ್ಮ ಸಂಪಾದಕರ ಮುಂದೆ ನಿಂತಳು. ಸಂಪಾದಕ ರುದ್ರಮುನಿಯಪ್ಪ ಮೇಷ್ಟ್ರು ಕನ್ನಡಕ ಒರೆಸಿಕೊಂಡು, “ಕೊನೆಯ ಉಸಿರಿನಲ್ಲಿ ಹೆಂಡತಿಯ ಹೆಸರು ಕರೆದ” ಅಂತ ಒಂದು ಸಾಲು ಸೇರಿಸಿದರು. ಆ ಕೂಗನ್ನು ಇಡೀ ಬೀದಿಯೇ ಕೇಳಿಸಿಕೊಂಡಿತ್ತು. ಆಕೆ ಅದನ್ನು ನೆಚ್ಚಿಕೊಂಡೇ ಹನ್ನೊಂದು ವರ್ಷ ಬದುಕಿದಳು. ಮೇಷ್ಟ್ರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ನನಗೆ ಮಾತ್ರ ಈ ಪೇಪರಿನ ನೆನಪು ಹತ್ತಲೇ ಇಲ್ಲ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಪ್ಪ ಇದೇ ಅಚ್ಚುಕೂಟದಲ್ಲಿ ಟ್ರೆಡಲ್ ಮಷೀನು ತುಳಿಯುತ್ತಿದ್ದ, ನಾನು ಅವನ ಕಾಲ ಬಳಿ ಕೂತು ಸೀಸದ ಮೊಳೆಗಳ ಜೊತೆ ಆಡುತ್ತಾ ಆಡುತ್ತಾ ಅಕ್ಷರ ಕಲಿತೆ. ಮೊಳೆಯಲ್ಲಿ ಅಕ್ಷರ ತಿರುಗಾಮುರುಗಾ ಇರುತ್ತದಲ್ಲ, ನನ್ನ ಕಣ್ಣಿಗೆ ಅದೇ ನೆಟ್ಟಗೆ. ಅಚ್ಚಾದ ಹಾಳೆ ಕೈಗೆ ಕೊಟ್ಟರೆ ಇವತ್ತಿಗೂ ಕನ್ನಡಿ ಹುಡುಕುತ್ತೇನೆ. ಅಪ್ಪ ಹೋದ ಮೇಲೆ ಮೊಳೆ ಜೋಡಿಸುವುದೂ ನಾನೇ, ಮಷೀನು ತುಳಿಯುವುದೂ ನಾನೇ. ಭದ್ರಯ್ಯ ಚೌಕದಲ್ಲಿ ಓದುವ ಹೊತ್ತಿಗೆ ನಾನು ಸುತ್ತಲಿನ ಹಳ್ಳಿಗಳ ಪ್ರತಿ ತೆಗೆಯುತ್ತಿರುತ್ತೇನೆ. ಮಷೀನಿನ ಸದ್ದಿನಲ್ಲಿ ಚೌಕದ ಮಾತು ಒಂದೂ ಕೇಳದು. ಹಾಗಾಗಿ ನಾನು ನೋಡಿದ್ದಷ್ಟೇ ನನಗೆ ನೆನಪು, ತಿಂದದ್ದಷ್ಟೇ ರುಚಿ. ಊರವರ ಲೆಕ್ಕದಲ್ಲಿ ಇದು ದೊಡ್ಡ ಮರೆವು. “ಸೀಸದ ಗಾಳಿ ತಲೆಗೆ ಹತ್ತೈತೆ, ಪಾಪ” ಅನ್ನುತ್ತಾರೆ. ನನ್ನ ಹೆಸರು ಈರಮ್ಮ, ಆದರೆ ಮರೆವಿನ ಈರಕ್ಕ ಅಂದರೇ ಎಲ್ಲರಿಗೂ ಗೊತ್ತು. ನಾನೂ ನಗುತ್ತಿದ್ದೆ. ಅದರಿಂದ ಯಾರಿಗೂ ಏನೂ ನಷ್ಟವಿರಲಿಲ್ಲ, ಆ ವಾರದವರೆಗೆ.

ಅದೇ ಸೋಮವಾರ ಸಂಜೆ ಮೇಲಿನ ಕೇರಿಯ ಮಕ್ಕಳಿಗೆ ವಾಂತಿಭೇದಿ ಶುರುವಾಯಿತು. ಒಂಬತ್ತು ಮಕ್ಕಳು. ಮಂಗಳವಾರ ಮಧ್ಯಾಹ್ನ ನಾಗರತ್ನಳ ಮಗಳು, ಆರು ವರ್ಷದ ಚಂಪಾ, ತೀರಿಕೊಂಡಳು. ಆ ಮಗು ನಮ್ಮ ಅಂಗಳಕ್ಕೆ ಬಂದು ಕತ್ತರಿಸಿ ಬಿಸಾಕಿದ ಕಾಗದದ ಅಂಚುಗಳನ್ನು ಆರಿಸಿಕೊಂಡು ಹೋಗಿ ಬೊಂಬೆಗೆ ಜಡೆ ಹಾಕುತ್ತಿತ್ತು.

ಮೇಷ್ಟ್ರು ಮೂರು ಗಂಟೆಗೆ ಮೇಲಿನ ಕೇರಿಯಿಂದ ಬಂದು ಮೇಜಿನ ಮುಂದೆ ಕೂತರು. ಅತ್ತು ಬಂದಿದ್ದರು, ಮೂಗು ಕೆಂಪಾಗಿತ್ತು. ಅವರದೊಂದು ನಿಯಮವಿತ್ತು: ಹೆಸರಿಲ್ಲದೆ ಸುದ್ದಿ ಬಿಡಬಾರದು. ಹೆಸರಿಲ್ಲದ ಸುದ್ದಿ ಓದಿದ ದಿನ ಊರು ಏನೋ ಮರೆತು ಬಂದವರಂತೆ ಸಂಜೆಯವರೆಗೆ ತಡಕಾಡುತ್ತದೆ, ಒಲೆಯ ಮೇಲೆ ಹಾಲು ಉಕ್ಕಿಸಿಕೊಳ್ಳುತ್ತದೆ, ಸಿಕ್ಕವರ ಮೇಲೆ ಹರಿಹಾಯುತ್ತದೆ. ಅದಕ್ಕೆ ಅವರು ಯಾರದಾದರೂ ಹೆಸರು ಇಟ್ಟೇ ಇಡುತ್ತಿದ್ದರು. ಒಂದು ಸಾಲು ಬರೆದು, ಲೇಖನಿ ಎತ್ತಿ, ನನ್ನ ಕಡೆ ತಿರುಗದೆಯೇ ಕೇಳಿದರು:

“ಈರಮ್ಮ, ಟ್ಯಾಂಕು ನೋಡಿಕೊಳ್ಳೋನು ಯಾರಮ್ಮ?”

“ಓಬಳೇಶ,” ಅಂದೆ.

ಗಂಟೆ ಎಷ್ಟು ಅಂತ ಕೇಳಿದರೆ ಹೇಳುವುದಿಲ್ಲವೇ, ಹಾಗೆ ಹೇಳಿದೆ. ಹೇಳಿ ಮತ್ತೆ ಮೊಳೆ ಹೆಕ್ಕತೊಡಗಿದೆ.

ಕಾಲು ಗಂಟೆಯಲ್ಲಿ ಚೀಟಿ ನನ್ನ ಮುಂದೆ ಬಂತು. ನನ್ನ ಕೈ ಓದುವುದಿಲ್ಲ, ಚೀಟಿಯಲ್ಲಿನ ಅಕ್ಷರದ ಆಕಾರ ಕಂಡು ಬೆರಳು ಮೊಳೆಯ ಆ ಗೂಡಿನಿಂದ ಈ ಗೂಡಿಗೆ ತಾನಾಗಿ ಓಡುತ್ತದೆ. ಜೋಡಿಸಿದ ಮೂರನೆಯ ಸಾಲು ಕಣ್ಣಿಗೆ ಬಿದ್ದಾಗ ಕೈ ನಿಂತಿತು. ನೀರುಗಂಟಿ ಓಬಳೇಶ ಸೋಮವಾರ ಬೆಳಗ್ಗೆ ಟ್ಯಾಂಕಿಗೆ ಪುಡಿ ಹಾಕದೆ ಬೇವಿನ ಮರದ ಕೆಳಗೆ ಬಾಯಿ ತೆರೆದು ಮಲಗಿದ್ದ, ಅದರಿಂದಲೇ ನೀರು ಕೆಟ್ಟಿತು, ಅಂತ ಇತ್ತು.

“ಮೇಷ್ಟ್ರೇ, ಇದನ್ನ ನೋಡಿದೋರು ಯಾರು?”

“ನೀರು ಕುಡಿದು ಮಕ್ಕಳು ಬಿದ್ದಿದ್ದಾವೆ. ಅಂದ ಮೇಲೆ ಕಾಯೋನು ಕಾದಿಲ್ಲ ಅಂತ ತಾನೇ?” ಅಂದರು, ದಣಿದ ದನಿಯಲ್ಲಿ. “ಕೆಟ್ಟದ್ದೇನೂ ಬರೆದಿಲ್ಲ ಈರಮ್ಮ. ಮಲಗಿದ್ದ ಅಂತ ಬರೆದಿದ್ದೀನಿ ಅಷ್ಟೆ. ಮನುಷ್ಯ ಅಂದ ಮೇಲೆ ಯಾರು ಮಲಗೋದಿಲ್ಲ?”

“ಅವನು ಸೋಮವಾರ ಇಲ್ಲಿಗೆ ಬಂದಿದ್ದ. ಕೈಯೆಲ್ಲ ಪುಡಿ ಆಗಿತ್ತು.”

ಮೇಷ್ಟ್ರು ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಜ್ವರ ಬಂದವರು ಬಡಬಡಿಸಿದಾಗ ಮನೆಯವರು ನೋಡುತ್ತಾರಲ್ಲ, ಆ ಥರ. “ಅದು ಹೋದ ಸೋಮವಾರ ಇರಬೇಕಮ್ಮ. ಐದಕ್ಕೆ ಪುಟ ಕಟ್ಟಬೇಕು, ಬೇಗ ಮುಗಿಸು,” ಅಂದರು.

ಆಗ ನಾನು ಮೊಳೆಯ ಪೆಟ್ಟಿಗೆಯನ್ನು ನೆಲಕ್ಕೆ ಸುರಿಯಬಹುದಿತ್ತು. ಸುರಿಯಲಿಲ್ಲ. ನಾಳೆ ಓಬಳೇಶನೇ ಬಂದು ಇಲ್ಲ ಅಂತ ಹೇಳುತ್ತಾನೆ, ಅವನ ಬಾಯಿ ಗೊತ್ತಲ್ಲ, ಚೌಕದಲ್ಲೇ ಜಗಳಕ್ಕೆ ನಿಲ್ಲುತ್ತಾನೆ, ಸರಿಹೋಗುತ್ತದೆ ಅಂದುಕೊಂಡೆ. ಅವನೂ ಬೆಳಗ್ಗೆ ಎಲ್ಲರ ಜೊತೆ ಕಟ್ಟೆಯ ಮುಂದೆ ನಿಂತು ಕೇಳುತ್ತಾನೆ ಅನ್ನುವುದು ನನಗೆ ಹೊಳೆಯಲಿಲ್ಲ. ಮರೆವಿನ ಈರಕ್ಕ ಜೀವನದಲ್ಲಿ ನಿಜವಾಗಿ ಏನಾದರೂ ಮರೆತಿದ್ದರೆ ಅದೊಂದನ್ನೇ.

ಬುಧವಾರ ಮಷೀನು ನಿಲ್ಲಿಸಿ ಹೊರಗೆ ಬಂದಾಗ ಅವನು ಅಚ್ಚುಕೂಟದ ಮೆಟ್ಟಿಲ ಮೇಲೆ ಕೂತಿದ್ದ. ಮೊಣಕಾಲ ಮಧ್ಯೆ ತಲೆ ಇಟ್ಟುಕೊಂಡು.

“ಹೆಂಗೆ ಮಲಗಿಬಿಟ್ನೋ ಗೊತ್ತಿಲ್ಲಕ್ಕಾ,” ಅಂದ. “ನೆಳ್ಳು ತಣ್ಣಗಿತ್ತು. ಒಂದು ಗಳಿಗೆ ಬೆನ್ನು ಚಾಚ್ತೀನಿ ಅಂತ... ಬೇವಿನ ಹಣ್ಣು ಒಂದು ಕೆನ್ನೆ ಮೇಲೆ ಬಿತ್ತು. ಆಗ್ಲೂ ಏಳಲಿಲ್ಲ ನಾನು.”

“ಲೋ, ನನ್ನ ಮುಖ ನೋಡು. ನೀನು ಮಲಗಿರ್ಲಿಲ್ಲ. ಪುಡಿ ಹಾಕಿ ಸೀದಾ ಇಲ್ಲಿಗೆ ಬಂದೆ. ಹೋಳಿಗೆ ವಿಷಯಕ್ಕೆ ನನ್ನ ಹತ್ರ ಜಗಳ ಆಡಿದೆ.”

“ಯಾವ ಹೋಳಿಗೆ? ಆ ಮದ್ವೇದಾ?”

“ಹೂಂ.”

ಅವನು ಕಣ್ಣೊರೆಸಿಕೊಂಡು, ಅಷ್ಟು ಸಂಕಟದಲ್ಲೂ ನನಗೇ ಸಮಾಧಾನ ಹೇಳುವವನ ಹಾಗೆ, “ಬಿಡಕ್ಕಾ. ಹೋಳಿಗೆ ತಿಂದಿದ್ದೇ ನಿಂಗೆ ನೆನಪಿಲ್ಲ. ಇದು ಎಲ್ಲಿಂದ ನೆನಪಿರ್ಬೇಕು?” ಅಂದ.

ಅವನ ಹೆಂಡತಿ ಹೊನ್ನೂರಮ್ಮನ ಹತ್ತಿರ ಓಡಿದೆ. ಆ ಸೋಮವಾರ ಅವಳು ತವರಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದವಳು, ಬುತ್ತಿ ಗಂಟು ಹಿಡಿದು ಇಳಿದದ್ದನ್ನು ನಾನೇ ಕಂಡಿದ್ದೆ. ಅವಳು ಒಲೆಯ ಮುಂದೆ ಕೂತು, “ಊಟ ತಗೊಂಡು ಹೋದೆ ಈರಕ್ಕ. ಗೊರಕೆ ಹೊಡೀತಿದ್ದ. ಎಬ್ಬಿಸ್ಬೇಕಿತ್ತು ನಾನು. ದಣಿದವ್ನೆ ಅಂತ ಬಂದ್ಬಿಟ್ಟೆ. ಎಬ್ಬಿಸಿದ್ರೆ ಆ ಕೂಸು ಉಳೀತಿತ್ತು,” ಅಂತ ಸೆರಗು ಬಾಯಿಗೆ ಒತ್ತಿಕೊಂಡಳು. ಊರಿನಲ್ಲಿ ಅಂಥ ಹೆಂಗಸರು ಇನ್ನೂ ಹತ್ತು ಜನ ಸಿಕ್ಕರು. ಎಲ್ಲರೂ ಮರದ ಹತ್ತಿರ ಹಾದುಹೋಗಿದ್ದರು, ಯಾರೂ ಎಬ್ಬಿಸಿರಲಿಲ್ಲ. ಎಲ್ಲರೂ ಅಳುತ್ತಿದ್ದರು. ಆ ಮರದ ಕೆಳಗೆ ಅಷ್ಟು ಜನ ನಿಂತಿದ್ದರೆ ಅಲ್ಲೊಂದು ಸಂತೆಯೇ ನೆರೆಯಬೇಕಿತ್ತು.

ಗುರುವಾರ ಮೇಷ್ಟ್ರ ಮುಂದೆ ನಿಂತೆ. “ಟ್ಯಾಂಕಿನ ನೀರೇ ಕೆಟ್ಟಿದ್ರೆ ಇಡೀ ಊರಿಗೆ ಬರಬೇಕಿತ್ತಲ್ಲ ಮೇಷ್ಟ್ರೇ? ಮೇಲಿನ ಕೇರೀಲಿ ಮಾತ್ರ ಯಾಕೆ ಬಂತು? ಅಲ್ಲಿ ಚರಂಡಿ ಅಗೆದು ಹಂಗೇ ಬಿಟ್ಟವ್ರೆ. ಪೈಪು ಒಡೆದು ಕೊಚ್ಚೆ ನೀರು ನಿಂತೈತೆ, ನಾನು ಕಣ್ಣಾರೆ ನೋಡ್ದೆ. ನಮ್ಮದು ಕೊನೆ ನಲ್ಲಿ. ಅದೇ ನೀರು ನಾನು ಸೋಮವಾರ ಎರಡು ಚೊಂಬು ಕುಡಿದೆ, ನಂಗೇನೂ ಆಗ್ಲಿಲ್ಲ.”

“ಕುಡಿದದ್ದು ನಿನಗೆ ನೆನಪಿದೆಯೇನಮ್ಮ?” ಅಂತ ಕೇಳಿದರು. ಕುಹಕದಿಂದ ಕೇಳಲಿಲ್ಲ, ನಿಜವಾಗಿಯೇ ಕೇಳಿದರು.

“ನೀವು ಬರೆಯೋವಾಗ ನಿಮಗೇ ಗೊತ್ತಿರ್ಲಿಲ್ಲ ಮೇಷ್ಟ್ರೇ. ಟ್ಯಾಂಕು ನೋಡ್ಕೊಳ್ಳೋನು ಯಾರು ಅಂತ ನನ್ನ ಕೇಳಿದ್ರಿ.”

“ಕೇಳಿದ್ದೆ. ಬರೆಯೋವಾಗ ಅನುಮಾನ ಇತ್ತು, ಒಪ್ತೀನಿ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈಗಿಲ್ಲ. ಅವನು ಎಡಮಗ್ಗುಲಾಗಿ ಮಲಗಿದ್ದ ಈರಮ್ಮ. ಟವೆಲ್ಲನ್ನ ಸುತ್ತಿ ತಲೆ ಕೆಳಗೆ ಇಟ್ಕೊಂಡಿದ್ದ. ನಾನು ಅಷ್ಟು ಹತ್ತಿರದಿಂದ ನೋಡಿದ್ದೀನಿ. ನೋಡಿಯೂ ಸುಮ್ಮನೆ ಬಂದೆ ಅನ್ನೋದೇ ನನ್ನನ್ನ ತಿಂತಾ ಇದೆ. ನೀನು ಹೇಳಿದೆ ಅಂತ ಅದನ್ನ ಅಳಿಸಿಕೊಳ್ಳೋದು ಹೇಗೆ?”

ಟವೆಲ್ಲಿನ ವಿಷಯ ಅವರು ಬರೆದಿರಲೇ ಇಲ್ಲ. ಜೋಡಿಸಿದವಳು ನಾನಲ್ಲವೇ.

ಇನ್ನು ಹೇಳಲಿರುವುದು ನಾನೇ ಮಾಡಿದ ಕೆಲಸ. ಶುಕ್ರವಾರ ಸಂಜೆ ಮೇಷ್ಟ್ರು ಮನೆಗೆ ಹೋದ ಮೇಲೆ, ಕಟ್ಟಿಟ್ಟ ಪುಟದಿಂದ ಸಂತೆಯ ಧಾರಣೆಯ ಎರಡು ಸಾಲು ಕಿತ್ತೆ. ಮೂವತ್ತು ವರ್ಷದಲ್ಲಿ ಒಂದು ಅಕ್ಷರ ನನ್ನದಾಗಿ ಸೇರಿಸಿದವಳಲ್ಲ. ಎರಡು ಸಾಲಿನ ಜಾಗದಲ್ಲಿ ಎಷ್ಟು ಹೇಳಲಾಗುತ್ತದೆ? ‘ಸೋಮವಾರ ಬೆಳಗ್ಗೆ ಓಬಳೇಶ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ದಾನೆ. ಅವನ ಕೈ ಬೆಳ್ಳಗಿತ್ತು.’ ಅಷ್ಟನ್ನೇ ಜೋಡಿಸಿದೆ. ಮೊಳೆಗಳ ಮೇಲೆ ಬೆರಳಾಡಿಸಿ ಎರಡು ಸಲ ಓದಿಕೊಂಡೆ. ಒಂದು ಸುಳ್ಳಿಲ್ಲ. ಮಾರನೆಯ ದಿನ ಬೆಳಗ್ಗೆ ಮಷೀನು ತುಳಿಯುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ ಅನ್ನಬೇಕು, ಅಷ್ಟು ಹಗುರಾಗಿದ್ದೆ. ಹಳ್ಳಿ ಪ್ರತಿ ಮುಗಿಸಿ, ಮಸಿಗೈಯಲ್ಲೇ ಚೌಕಕ್ಕೆ ಓಡಿದೆ.

ಭದ್ರಯ್ಯ ಕಟ್ಟೆ ಇಳಿದು ನಿಂತಿದ್ದ. ದೊಡ್ಡ ದನಿಯ ಮನುಷ್ಯ, ಓದುವಾಗ ಬಿಟ್ಟರೆ ಮಿಕ್ಕ ಹೊತ್ತು ಪಿಸುಮಾತು. ನನ್ನನ್ನು ಕಂಡು ಹತ್ತಿರ ಬಂದ.

“ಸರಿಹೋಯ್ತಾ ಭದ್ರಣ್ಣ? ಎಲ್ಲರಿಗೂ ನೆನಪಾಯ್ತಾ?”

“ನೆನಪಾಗ್ದೆ ಏನು ಈರಕ್ಕ,” ಅಂದ. ಮುಖ ಬೂದಿಯಾಗಿತ್ತು. “ಇಷ್ಟು ದಿನ ಅರ್ಧ ನೆನಪಿತ್ತು, ಇವತ್ತು ಪೂರ್ತಿ ಆಯ್ತು. ನಿದ್ದೆಯಿಂದ ಗಾಬರಿ ಬಿದ್ದು ಎದ್ದವ್ನೆ. ಹೊತ್ತಾಯ್ತಲ್ಲ ಅಂತ ಇದ್ದಬದ್ದ ಮೂಟೇನೆಲ್ಲ ಟ್ಯಾಂಕಿಗೆ ಸುರಿದವ್ನೆ. ಮೊಣಕೈತನಕ ಬೆಳ್ಳಗೆ ಮೆತ್ಕೊಂಡಿತ್ತು. ನಾನೇ ನೋಡಿದ್ನಲ್ಲ. ಮಕ್ಕಳು ಹೊಟ್ಟೆ ಸುಟ್ಟು ಬಿದ್ದವು. ಮಲಗಿದ್ದ ಅಂದ್ರೆ ಕ್ಷಮಿಸ್ಬಹುದಿತ್ತು ಕಣಕ್ಕ. ಇದು ಕೈಯಾರೆ ಮಾಡಿದ್ದು.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಬುಧವಾರದ ನೆನಪು ಹೋಗಿ ಅದರ ಜಾಗಕ್ಕೆ ಶನಿವಾರದ್ದು ಬರುತ್ತದೆ ಅಂದುಕೊಂಡಿದ್ದೆ. ಹಳೆಯ ಮೊಳೆ ತೆಗೆದು ಹೊಸದು ಇಟ್ಟರೆ ಸಾಲು ಬದಲಾಗುತ್ತದೆ, ನನಗೆ ಗೊತ್ತಿದ್ದ ಲೋಕ ಅಷ್ಟೇ. ಮನುಷ್ಯರ ತಲೆಯಲ್ಲಿ ಎರಡೂ ಉಳಿದವು. ಎರಡಕ್ಕೂ ಹೊಂದುವ ಹಾಗೆ ಮೂರನೆಯದೊಂದನ್ನು ಅವರೇ ಕಟ್ಟಿಕೊಂಡರು.

ಮೇಷ್ಟ್ರಿಗೆ ಹೇಳಿದೆ, ಆ ಎರಡು ಸಾಲು ನಾನು ಕದ್ದು ಸೇರಿಸಿದ್ದು ಅಂತ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, “ಇಲ್ಲಮ್ಮ, ನಾನೇ ಬರೆದದ್ದು. ಬರೆದದ್ದು ನೆನಪಿದೆ ನನಗೆ,” ಅಂದರು.

ಅವತ್ತು ಸಂಜೆ ಓಬಳೇಶನ ಮನೆಯ ಮುಂದೆ ಮೇಲಿನ ಕೇರಿಯ ಹೆಂಗಸರು ಬಂದು ನಿಂತರು. ಒಬ್ಬರೂ ಬಯ್ಯಲಿಲ್ಲ, ಕಲ್ಲೆತ್ತಲಿಲ್ಲ. ಕಂಕುಳಲ್ಲಿ ಖಾಲಿ ಕೊಡ ಇಟ್ಟುಕೊಂಡು ಸುಮ್ಮನೆ ನಿಂತರು. ನಾಗರತ್ನ ಎಲ್ಲರಿಗಿಂತ ಮುಂದಿದ್ದಳು. ನಾನು ಅವಳ ತೋಳು ಹಿಡಿದು, “ಅವನಲ್ಲ ಕಣಮ್ಮ, ಪೈಪು ಒಡೆದದ್ದು,” ಅಂದೆ. ಅವಳು ನನ್ನ ಕಡೆ ನೋಡಿದಳು, ಕಣ್ಣಲ್ಲಿ ಏನೂ ಇರಲಿಲ್ಲ. “ನಿಂಗೆ ನನ್ನ ಮಗಳು ನೆನಪವ್ಳಾ ಅಕ್ಕ?” ಅಂದಳು.

“ಅವ್ಳೆ. ಕಾಗದದ ಜಡೆ...”

“ಹಂಗಾದ್ರೆ ಸುಮ್ನಿರು,” ಅಂದಳು. ನಾನು ಅವಳ ತೋಳು ಬಿಟ್ಟೆ.

ಕೆಲಸ ಹೋಯಿತು. ಹೋಯಿತು ಅನ್ನುವುದಕ್ಕಿಂತ, ಅವನೇ ಹೋಗಿ ವಾಲ್ವಿನ ಕೈಯನ್ನು ಪಂಚಾಯಿತಿ ಕಚೇರಿಯಲ್ಲಿ ಇಟ್ಟು ಬಂದ. ಹೊನ್ನೂರಮ್ಮನ ತವರಿಗೆ ಹೋಗುವುದು ಅಂತ ತೀರ್ಮಾನವಾಯಿತು. ಅಲ್ಲಿಗೆ ನಮ್ಮ ಪೇಪರು ಹೋಗುವುದಿಲ್ಲ. ಆದರೆ ನೆನಪು ಅವರ ಜೊತೆಯಲ್ಲೇ ಬಸ್ಸು ಹತ್ತುತ್ತಿತ್ತಲ್ಲ.

ಭಾನುವಾರ ಮಧ್ಯಾಹ್ನ ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಅಚ್ಚುಕೂಟಕ್ಕೆ ಬಂದ. ಅಷ್ಟರಲ್ಲಿ ಒಂದು ಸಂಗತಿ ಆಗಿತ್ತು. ಸೋಮವಾರ ನಾನು ಒರೆಸಿದ ಬಾಗಿಲ ಹಲಗೆಯ ಮೇಲೆ ಆ ಕೈ ದಿನದಿನಕ್ಕೆ ಮೇಲೆದ್ದು ಬಂದಿತ್ತು. ಪುಡಿ ಮೂವತ್ತು ವರ್ಷದ ಮಸಿಯನ್ನು ತಿಂದು, ಕೆಳಗಿನ ಮರದ ಹಳದಿ ಬಣ್ಣ ಕಾಣುತ್ತಿತ್ತು. ಐದು ಬೆರಳು, ಅಂಗೈಯ ಗೆರೆ ಸಮೇತ. ನಾನು ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸಿದೆ.

“ಕೈ ಇಡು ಇಲ್ಲಿ.”

“ಯಾಕಕ್ಕಾ?”

“ಇಡೋ.”

ಇಟ್ಟ. ಅಂಗೈಗೆ ಅಂಗೈ, ಬೆರಳಿಗೆ ಬೆರಳು ಕೂತಿತು. ಆ ಸೊಟ್ಟ ಕಿರುಬೆರಳು ಕೂಡ ಗೂಡಿಗೆ ಮೊಳೆ ಕೂತಂತೆ ತನ್ನ ಜಾಗದಲ್ಲಿ ಕೂತಿತು. ನಾನು ಅವನ ಮುಖ ನೋಡುತ್ತಿದ್ದೆ. ಅವನು ಬಹಳ ಹೊತ್ತು ಕೈ ತೆಗೆಯಲಿಲ್ಲ. ಹುಬ್ಬು ಗಂಟಿಕ್ಕಿತು, ಬಾಯಿ ಏನೋ ಹೇಳಲು ತೆರೆಯಿತು. ಒಂದು ಗಳಿಗೆ, ಒಂದೇ ಗಳಿಗೆ, ಅವನಿಗೆ ಬಂತು ಅಂದುಕೊಂಡೆ.

“ಪಾಪ,” ಅಂದ ಕೊನೆಗೆ. “ಯಾರಿಗೋ ನನ್ನಂಗೇ ಬೆರಳು ಮುರಿದೈತೆ.”

ಆಮೇಲೆ ಸೊಂಟದ ಗಂಟು ಬಿಚ್ಚಿ ಮೇಜಿನ ಮೇಲೆ ಸೊಪ್ಪು ಇಟ್ಟ. ಯಾವತ್ತಿನದಕ್ಕಿಂತ ಜಾಸ್ತಿ ತಂದಿದ್ದ, ಎರಡು ಹಿಡಿ ಇತ್ತು. “ಒದ್ದೆ ಬಟ್ಟೇಲಿ ಸುತ್ತಿಡಕ್ಕಾ, ನಾಲ್ಕು ದಿನ ಬರ್ತೈತೆ. ಇನ್ನು ಮೇಲೆ ಯಾರು ತಂದ್ಕೊಡ್ತಾರೆ ನಿಂಗೆ,” ಅಂದ. ಹೋಗುವಾಗ ಅಂಗಳದ ನಲ್ಲಿ ತೊಟ್ಟಿಕ್ಕುತ್ತಿದ್ದುದನ್ನು ಕಂಡು, ಬಗ್ಗಿ, ಬಿಗಿಯಾಗಿ ತಿರುಗಿಸಿ ಹೋದ.

ಸೋಮವಾರ ಬೆಳಗ್ಗೆ ಆರು ಗಂಟೆಗೆ ಚೌಕದ ಪ್ರತಿ ಒಯ್ಯಲು ಭದ್ರಯ್ಯ ಬಂದ. ಮೊದಲ ಪುಟದಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು, ನಾನೇ ಜೋಡಿಸಿದ್ದು. ನೀರುಗಂಟಿ ಊರು ಬಿಟ್ಟ, ಊರು ನೆಮ್ಮದಿಯ ಉಸಿರು ಬಿಟ್ಟಿತು ಅನ್ನುವುದು ಮೇಲೆ. ಕೆಳಗೆ ಚಿಕ್ಕದಾಗಿ, ಮೇಲಿನ ಕೇರಿಯಲ್ಲಿ ಚರಂಡಿ ಮುಚ್ಚಿ ಹೊಸ ಪೈಪು ಹಾಕಿದ್ದಾರೆ, ಜನ ಚಪ್ಪಾಳೆ ತಟ್ಟಿದರು ಅನ್ನುವುದು.

ಭದ್ರಯ್ಯ ಹಾಳೆ ಮಡಿಸಿಕೊಂಡು, ಹೋಗದೆ ನಿಂತ. ಅವನ ಕಣ್ಣು ಬಾಗಿಲ ಮೇಲಿನ ಕೈಯ ಕಡೆ ಹೋಗಿ ನನ್ನ ಕಡೆ ಬಂತು.

“ಈರಕ್ಕ, ನಿದ್ದೆ ಮಾಡಿ ಎಷ್ಟು ದಿನ ಆಯ್ತು?”

“ಯಾಕೆ?”

“ಮುಖ ನೋಡಿದ್ರೆ ಗೊತ್ತಾಗುತ್ತೆ. ಇವತ್ತೊಂದಿನ ಮಷೀನು ನಿಲ್ಸಿ ಚೌಕಕ್ಕೆ ಬಾ. ಹಳ್ಳಿ ಪ್ರತಿ ಅರ್ಧ ಗಂಟೆ ತಡ ಆದ್ರೆ ಏನೂ ಆಗಲ್ಲ. ಒಂದೇ ಒಂದು ಸಲ ಕಿವಿಗೆ ಬಿದ್ರೆ ಸಾಕು. ಎಲ್ಲರ ಜೊತೆ ಅತ್ತು, ಎಲ್ಲರ ಜೊತೆ ಮನೆಗೆ ಹೋಗಬಹುದು. ಒಬ್ಬಳೇ ಯಾಕೆ ಹೊರ್ತೀಯ?”

ಅವನು ಪ್ರೀತಿಯಿಂದಲೇ ಹೇಳಿದ. ನಾನು ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಚೌಕಕ್ಕೆ ನಲವತ್ತು ಹೆಜ್ಜೆ. ಹೋಗಿ ನಿಂತರೆ ಆ ಹೆಸರು ನಾನು ಹೇಳಿದ್ದು ಅಳಿಸಿಹೋಗುತ್ತದೆ, ಆ ಎರಡು ಸಾಲು ಅಳಿಸಿಹೋಗುತ್ತವೆ. ಬೇವಿನ ಮರದ ಕೆಳಗೆ ಅವನು ಮಲಗಿದ್ದನ್ನು ಎಲ್ಲರಂತೆ ನಾನೂ ಕಾಣುತ್ತೇನೆ. ಆಮೇಲೆ ಈ ಬಾಗಿಲ ಮೇಲಿರುವುದು ಯಾರದೋ ಕೈ.

“ನೀನು ನಡಿ ಭದ್ರಣ್ಣ, ಹೊತ್ತಾಯ್ತು,” ಅಂದೆ.

“ಬರ್ತೀಯಾ?”

“ಹಳ್ಳಿ ಪ್ರತಿ ಇನ್ನೂ ಬಾಕಿ ಅವೆ.”

ಅವನು ಹೋದ ಮೇಲೆ ಮಷೀನಿನ ಮುಂದೆ ಕೂತೆ. ಬಾಕಿ ಇದ್ದದ್ದು ಹತ್ತೋ ಹನ್ನೆರಡೋ ಹಾಳೆ. ಅವು ಬೇಗ ಮುಗಿದುಹೋದವು. ಚೌಕದಲ್ಲಿ ಭದ್ರಯ್ಯ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ನಾನು ಹಾಳೆಯಿಲ್ಲದೆಯೇ ಮಷೀನು ತುಳಿಯತೊಡಗಿದೆ, ಅವನ ದನಿ ಆ ಸದ್ದಿನಲ್ಲಿ ಮುಳುಗಿತು. ಖಾಲಿ ಮಷೀನು ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು, ಮುಚ್ಚಿತು. ಒಂದು ಕಾಲು ಸೋತಾಗ ಇನ್ನೊಂದರಿಂದ ತುಳಿದೆ. ಕಣ್ಣು ಬಾಗಿಲ ಮೇಲೆಯೇ ಇತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ಕೊನೆಗೆ ಕಾಲು ನಿಂತಾಗ ಚೌಕದಲ್ಲಿ ಯಾರೂ ಇರಲಿಲ್ಲ, ಬಿಸಿಲು ಅಂಗಳಕ್ಕೆ ಬಂದಿತ್ತು. ಹೊಸ ನೀರುಗಂಟಿ ಹೊತ್ತುಗೊತ್ತಿಲ್ಲದೆ ನೀರು ಬಿಟ್ಟಿದ್ದ. ಯಾರೋ ಕೊಡ ತುಂಬಿಕೊಂಡು ನಲ್ಲಿಯನ್ನು ಹಾಗೇ ಬಿಟ್ಟು ಹೋಗಿದ್ದರು. ನೀರು ಕಲ್ಲಿನ ಮೇಲೆ ಬಿದ್ದು ಬೀದಿಗೆ ಹರಿಯುತ್ತಿತ್ತು. ನಾನು ಎದ್ದುಹೋಗಿ ತಿರುಗಿಸಿ ನಿಲ್ಲಿಸಿದೆ.